ಬಾಗಿಲಲ್ಲಿ ಲೆಕ್ಕದವನನ್ನು ಕೂರಿಸಬೇಡಿ

ಕನ್ನಡದಲ್ಲಿ ಯಾರಾದರೂ ಹೊಸದಾಗಿ ಒಂದು ಸಾಹಿತ್ಯದ ಜಾಲತಾಣ ಶುರುಮಾಡುತ್ತಿದ್ದೇವೆ ಎಂದರೆ ಸಂತೋಷವಾಗುತ್ತದೆ. ಮೂರು ನಾಲ್ಕು ಜನ ಗೆಳೆಯರು ಸೇರಿ, ಕೈಯಿಂದ ಒಂದಿಷ್ಟು ದುಡ್ಡು ಹಾಕಿ, ಡೊಮೈನ್ ಕೊಂಡು, ವರ್ಡ್‌ಪ್ರೆಸ್ ಕೂರಿಸಿ, ತಾಣದ ಹೆಸರಿಗಾಗಿ ಹದಿನೈದು ದಿನ ಜಗಳವಾಡಿ, ಕೊನೆಗೊಂದು ದಿನ ಮೊದಲ ಕವಿತೆ ಹಾಕುತ್ತಾರೆ. ಆದರೆ ಆ ಮೊದಲ ಕವಿತೆಗೂ ಮುಂಚೆ ಅಲ್ಲಿ ಒಂದು ಕೆಲಸ ಮುಗಿದಿರುತ್ತದೆ. ಗುಂಪಿನಲ್ಲಿ ಕಂಪ್ಯೂಟರ್ ಬಲ್ಲವನೊಬ್ಬ ಇರುತ್ತಾನಲ್ಲ, ಅವನು ‘ಅನಲಿಟಿಕ್ಸ್ ಹಾಕಿದ್ದೀನಿ’ ಎಂದಿರುತ್ತಾನೆ. ಯಾಕೆ ಎಂದು ಯಾರೂ ಕೇಳುವುದಿಲ್ಲ. ಮನೆ ಕಟ್ಟಿದ ಮೇಲೆ ಕರೆಂಟಿನ ಮೀಟರ್ ಹಾಕಿಸಲೇಬೇಕಲ್ಲ, ಅಷ್ಟೇ ಸಹಜವಾಗಿ ಅದು ನಡೆದುಹೋಗುತ್ತದೆ.

ನನ್ನ ತಕರಾರು ಈ ಸಹಜತೆಯ ಬಗ್ಗೆ. ಬಟ್ಟೆ ಅಂಗಡಿ ಹಾಕಲಿ, ಬಸ್ ಟಿಕೆಟ್ ಮಾರುವವರು ಹಾಕಲಿ, ಅದು ಅವರ ವ್ಯವಹಾರ. ಕತೆ, ಕವಿತೆ, ಪ್ರಬಂಧ ಪ್ರಕಟಿಸುವ ತಾಣಕ್ಕೆ ಅದು ಬೇಡ. ಬೇಡ ಎಂದರೆ ‘ಇದ್ದರೆ ಇರಲಿ, ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ’ ಎಂಬ ಅರ್ಥದಲ್ಲಿ ಅಲ್ಲ. ಇದ್ದರೆ ತೆಗೆಯಿರಿ, ಇಲ್ಲದಿದ್ದರೆ ಹಾಕಬೇಡಿ ಎಂಬ ಅರ್ಥದಲ್ಲಿ.

ಅದು ಏನು, ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ. ಜಾಲದ ಆರಂಭದ ದಿನಗಳಲ್ಲಿ ಎಣಿಕೆ ಸರ್ವರಿನ ಕೆಲಸವಾಗಿತ್ತು. ನೀವು ಒಂದು ಪುಟ ಕೇಳಿದರೆ ಸರ್ವರ್ ಅದನ್ನು ಕಳಿಸಿ, ತನ್ನ ಲಾಗ್ ಕಡತದಲ್ಲಿ ಒಂದು ಸಾಲು ಬರೆದುಕೊಳ್ಳುತ್ತದೆ: ಯಾವ ಐಪಿ ವಿಳಾಸದಿಂದ ಕೇಳಿದರು, ಎಷ್ಟು ಹೊತ್ತಿಗೆ, ಯಾವ ಪುಟ, ಸಿಕ್ಕಿತೋ ಇಲ್ಲವೋ, ಯಾವ ಕೊಂಡಿ ಒತ್ತಿ ಬಂದರು, ಯಾವ ಬ್ರೌಸರ್. (ಈ ‘ಎಲ್ಲಿಂದ ಬಂದರು’ ಎಂಬುದಕ್ಕೆ ಜಾಲದ ನಿಯಮಗಳಲ್ಲಿ ರೆಫರರ್ ಎಂದು ಹೆಸರು. 1990ರ ದಶಕದಲ್ಲಿ ಅದನ್ನು ಬರೆದವರು ಕಾಗುಣಿತದಲ್ಲಿ ಒಂದು ‘ಆರ್’ ಬಿಟ್ಟರು. ಜಗತ್ತಿನ ಜಾಲವೆಲ್ಲ ಇವತ್ತಿಗೂ ಆ ತಪ್ಪು ಕಾಗುಣಿತದಲ್ಲೇ ನಡೆಯುತ್ತಿದೆ. ಕರಡು ತಿದ್ದುವವರಿಗೆ ಇದೊಂದು ಸಮಾಧಾನ.) ಈ ಲಾಗನ್ನು ಓದಿ ತಿಂಗಳ ಲೆಕ್ಕ ಕೊಡುವ ವೆಬಲೈಸರ್, ಎಡಬ್ಲ್ಯೂಸ್ಟ್ಯಾಟ್ಸ್‌ನಂಥ ಸಣ್ಣ ತಂತ್ರಾಂಶಗಳಿದ್ದವು. ಈಗಲೂ ಇವೆ. ಲೆಕ್ಕ ಒರಟು, ಆದರೆ ನಿಮ್ಮ ಅಂಗಡಿಯ ಖಾತೆ ನಿಮ್ಮ ಪೆಟ್ಟಿಗೆಯಲ್ಲೇ ಇರುತ್ತಿತ್ತು.

ಅಮೆರಿಕದ ಸ್ಯಾನ್ ಡಿಯೇಗೋದಲ್ಲಿ ಅರ್ಚಿನ್ ಎಂಬ ಕಂಪನಿಯೂ ಇಂಥದ್ದೇ ತಂತ್ರಾಂಶ ಮಾಡಿ ಮಾರುತ್ತಿತ್ತು. 2005ರಲ್ಲಿ ಗೂಗಲ್ ಅದನ್ನು ಕೊಂಡು, ಅದೇ ವರ್ಷ ನವೆಂಬರಿನಲ್ಲಿ ಗೂಗಲ್ ಅನಲಿಟಿಕ್ಸ್ ಎಂಬ ಹೆಸರಿನಲ್ಲಿ ಎಲ್ಲರಿಗೂ ಪುಕ್ಕಟೆ ಕೊಟ್ಟಿತು. ನೀವು ಯಾರಾದರೂ ಕಳಿಸಿದ ಕೊಂಡಿಯ ಬಾಲದಲ್ಲಿ ‘ಯುಟಿಎಂ’ ಎಂದು ಶುರುವಾಗುವ ಉದ್ದನೆಯ ಗೊಣಗನ್ನು ನೋಡಿರಬಹುದು. ಅದರಲ್ಲಿರುವ ‘ಯು’ ಆ ಅರ್ಚಿನ್ನಿನ ಯು. ಯಾವ ಜಾಹೀರಾತು ಒತ್ತಿದವನು ಕೊನೆಗೆ ಸಾಮಾನು ಕೊಂಡ ಎಂದು ಹಿಂಬಾಲಿಸುವುದಕ್ಕೆ ಮಾಡಿದ ಗುರುತು ಅದು. ಪುಕ್ಕಟೆ ಕೊಟ್ಟ ಕಂಪನಿಯ ಆದಾಯದ ಬಹುಪಾಲು ಬರುವುದು ಜಾಹೀರಾತಿನಿಂದ. ಜಾಹೀರಾತು ಕೆಲಸ ಮಾಡುತ್ತಿದೆ ಎಂದು ವ್ಯಾಪಾರಿಗೆ ತೋರಿಸಿಕೊಡುವ ಯಂತ್ರವನ್ನು ಅದು ಹಂಚಿದ್ದರಲ್ಲಿ ಆಶ್ಚರ್ಯವೇನಿಲ್ಲ. ಆಶ್ಚರ್ಯ ನಮ್ಮದು. ನಾವು ಆ ಯಂತ್ರವನ್ನು ಸಾನೆಟ್ಟಿನ ಪಕ್ಕ ಕೂರಿಸಿದ್ದೇವೆ.

ಅದರ ಮಾತುಗಳನ್ನೇ ನೋಡಿ. ಓದುಗ ಅಲ್ಲಿ ‘ಯೂಸರ್’. ಅವನು ಬಂದದ್ದು ‘ಅಕ್ವಿಸಿಷನ್’, ಅಂದರೆ ಗಳಿಕೆ. ಮತ್ತೆ ಬಂದರೆ ‘ರಿಟೆನ್ಷನ್’, ಕೈ ಬಿಟ್ಟುಹೋಗದಂತೆ ಹಿಡಿದಿಟ್ಟುಕೊಂಡದ್ದು. ನಾವು ಬಯಸಿದ್ದನ್ನು ಮಾಡಿದರೆ ‘ಕನ್ವರ್ಷನ್’. ಒಂದೇ ಒಂದು ಪುಟ ನೋಡಿ ಹೋದರೆ ‘ಬೌನ್ಸ್’, ಗೋಡೆಗೆ ಹೊಡೆದ ಚೆಂಡಿನ ಹಾಗೆ ಪುಟಿದುಹೋದ. ಇಡೀ ಶಬ್ದಕೋಶದಲ್ಲಿ ‘ಓದು’ ಎಂಬುದಕ್ಕೆ ಒಂದು ಪದವಿಲ್ಲ.

ಪದವಿಲ್ಲದಿರುವುದು ಆಕಸ್ಮಿಕವಲ್ಲ, ಏಕೆಂದರೆ ಅಳತೆಯೂ ಇಲ್ಲ. ವಾದದ ಮುಖ್ಯ ಭಾಗ ಇದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

2023ರ ಜುಲೈ 1ರವರೆಗೆ ಬಳಕೆಯಲ್ಲಿದ್ದ ಹಳೆಯ ಅನಲಿಟಿಕ್ಸ್, ಒಬ್ಬರು ಒಂದು ಪುಟದ ಮೇಲೆ ಎಷ್ಟು ಹೊತ್ತು ಇದ್ದರು ಎಂಬುದನ್ನು ಹೇಗೆ ಲೆಕ್ಕ ಹಾಕುತ್ತಿತ್ತು ಗೊತ್ತೇ? ಮೊದಲ ಪುಟ ತೆರೆದ ಹೊತ್ತನ್ನು ಬರೆದುಕೊಳ್ಳುತ್ತಿತ್ತು. ಎರಡನೇ ಪುಟ ತೆರೆದ ಹೊತ್ತನ್ನು ಬರೆದುಕೊಳ್ಳುತ್ತಿತ್ತು. ಎರಡರ ನಡುವಿನ ವ್ಯತ್ಯಾಸವೇ ಮೊದಲ ಪುಟದ ಸಮಯ. ಹಾಗಾದರೆ ಎರಡನೇ ಪುಟ ತೆರೆಯದೇ ಹೋದರೆ? ಮೊದಲ ಪುಟದ ಸಮಯ ಸೊನ್ನೆ. ಒಬ್ಬ ಹುಡುಗಿ ರಾತ್ರಿ ಊಟವಾದ ಮೇಲೆ ಹಾಸ್ಟೆಲಿನ ಮಂಚದ ಮೇಲೆ ಕೂತು ನಿಮ್ಮ ತಾಣದ ನೀಳ್ಗತೆಯೊಂದನ್ನು ನಲವತ್ತು ನಿಮಿಷ ಓದಿ, ಮುಗಿಸಿ, ಇನ್ನೇನನ್ನೂ ಓದುವ ಮನಸ್ಸಾಗದೆ ಫೋನು ಪಕ್ಕಕ್ಕಿಟ್ಟು ಮಲಗಿದಳು ಎನ್ನಿ. ಕತೆಗಾರ ಹಂಬಲಿಸುವ ಓದು ಅದು. ವರದಿಯಲ್ಲಿ ಅವಳು ಸೊನ್ನೆ ಸೆಕೆಂಡು ಇದ್ದು ಪುಟಿದುಹೋದವಳು. ತಲೆಬರಹ ನೋಡಿ ಬೇಸರಗೊಂಡು ಮೂರೇ ಸೆಕೆಂಡಿನಲ್ಲಿ ಹೋದವನೂ ಅದೇ ಸಾಲಿನಲ್ಲಿ ಅವಳ ಪಕ್ಕ ನಿಂತಿರುತ್ತಾನೆ. ಇಬ್ಬರಿಗೂ ವ್ಯತ್ಯಾಸವಿಲ್ಲ. ಏನೂ ಹಿಡಿಸದೆ ಒಂದಾದ ಮೇಲೊಂದು ಐದು ಪುಟ ತೆರೆದು ಮುಚ್ಚಿದವನೇ ಆ ಲೆಕ್ಕದಲ್ಲಿ ಉತ್ತಮ ಓದುಗ.

ಈಗಿನ ಆವೃತ್ತಿಯಲ್ಲಿ ಇದನ್ನು ಸರಿಪಡಿಸಿದ್ದಾರೆ ಎಂದು ಆ ಕಂಪ್ಯೂಟರ್ ಗೆಳೆಯ ಹೇಳುತ್ತಾನೆ. ಸರಿ, ಹೇಗೆ? ಪುಟ ಕಣ್ಣ ಮುಂದೆ ಹತ್ತು ಸೆಕೆಂಡು ದಾಟಿ ತೆರೆದಿದ್ದರೆ, ಅಥವಾ ಎರಡು ಪುಟ ನೋಡಿದರೆ, ಅಥವಾ ತಾಣದವರು ಮುಖ್ಯವೆಂದು ಗುರುತಿಸಿಟ್ಟ ಯಾವುದಾದರೂ ಕ್ರಿಯೆ ನಡೆದರೆ ಆ ಭೇಟಿ ‘ತೊಡಗಿಕೊಂಡ’ ಭೇಟಿ. ಹತ್ತು ಸೆಕೆಂಡು! ಅಷ್ಟು ಹೊತ್ತಿನಲ್ಲಿ ಕವಿತೆಯ ಶೀರ್ಷಿಕೆಯನ್ನೂ ಕವಿಯ ಹೆಸರನ್ನೂ ಓದಿ, ‘ಓ ಇವರಾ’ ಎನ್ನಬಹುದು. ಇನ್ನೊಂದು ಅಳತೆ ಇದೆ, ಪುಟದ ಉದ್ದದ ಶೇಕಡಾ 90ರಷ್ಟು ಕೆಳಗೆ ಇಳಿದಿರಾ ಎಂಬುದು. ಬೆರಳಿನಿಂದ ಎರಡು ಸಲ ಜೋರಾಗಿ ತಳ್ಳಿದರೆ ಯಾವ ಮಹಾಪ್ರಬಂಧದ ಬುಡವೂ ಸಿಗುತ್ತದೆ. ಅತ್ತ, ಎಂಟು ಸಾಲಿನ ಕವಿತೆಯೊಂದು ಪರದೆಯಲ್ಲಿ ಒಮ್ಮೆಗೇ ಕಾಣುತ್ತಿದ್ದು, ಓದುಗ ಅದರ ಕೆಳಗಿನ ಕವಿಪರಿಚಯ, ‘ಇವನ್ನೂ ಓದಿ’ ಎಂಬ ಸಂತೆಗೆ ಇಳಿಯದೇ ಹೋದರೆ ಅವನು ಮುಕ್ಕಾಲು ಪುಟವನ್ನೇ ನೋಡಲಿಲ್ಲ ಎಂದು ಲೆಕ್ಕ. ಆಗಬಹುದಾದ ತಪ್ಪುಗಳೆಲ್ಲ ಒಂದೇ ದಿಕ್ಕಿಗೆ ಹೋಗುತ್ತವೆ ಎಂದರೆ ಸರಿಪಡಿಸಿಕೊಂಡು ಓದಬಹುದಿತ್ತು. ಇವು ನಾಲ್ಕೂ ದಿಕ್ಕಿಗೆ ಹೋಗುತ್ತವೆ.

ನಮ್ಮ ಕಡೆಯ ಓದಿನ ರೀತಿಯನ್ನು ಸೇರಿಸಿಕೊಂಡರೆ ಚಿತ್ರ ಇನ್ನೂ ಕೆಡುತ್ತದೆ. ಕನ್ನಡದ ಬರಹ ಓಡಾಡುವುದು ವಾಟ್ಸಾಪಿನಲ್ಲಿ. ಅಲ್ಲಿಂದ ಕೊಂಡಿ ಒತ್ತಿ ಬಂದವರ ‘ಎಲ್ಲಿಂದ’ ಎಂಬ ಮಾಹಿತಿ ಸಾಮಾನ್ಯವಾಗಿ ಬರುವುದೇ ಇಲ್ಲ. ವರದಿಯಲ್ಲಿ ಅವರು ‘ಡೈರೆಕ್ಟ್’, ಅಂದರೆ ವಿಳಾಸವನ್ನು ಬಾಯಿಪಾಠ ಮಾಡಿಕೊಂಡು ತಾವೇ ಟೈಪಿಸಿ ಬಂದವರು. ಅಮೆರಿಕದ ಪತ್ರಕರ್ತ ಅಲೆಕ್ಸಿಸ್ ಮ್ಯಾಡ್ರಿಗಲ್ 2012ರಲ್ಲೇ ಇಂಥ ಕಾಣದ ಹಂಚಿಕೆಗೆ ‘ಡಾರ್ಕ್ ಸೋಷಿಯಲ್’ ಎಂದು ಹೆಸರಿಟ್ಟರು. ಕೊಂಡಿಯನ್ನಾದರೂ ಕಳಿಸುವವರು ಸಭ್ಯರು. ಹೆಚ್ಚಿನವರು ಇಡೀ ಲೇಖನವನ್ನೇ ನಕಲು ಮಾಡಿ ಗುಂಪಿಗೆ ಹಾಕುತ್ತಾರೆ, ಪರದೆಯ ಚಿತ್ರ ತೆಗೆದು ಹಾಕುತ್ತಾರೆ. ಮೇಷ್ಟ್ರೊಬ್ಬರು ಅಚ್ಚು ತೆಗೆದು ತರಗತಿಯಲ್ಲಿ ನಲವತ್ತು ಮಕ್ಕಳಿಗೆ ಹಂಚುತ್ತಾರೆ. ಮೊಮ್ಮಗ ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳುತ್ತಾನೆ. ಬರಹ ನಿಜವಾಗಿ ಬದುಕುವುದು ಈ ಜಾಗಗಳಲ್ಲಿ, ಮತ್ತು ಯಾವ ಕೋಡಿಗೂ ಈ ಜಾಗಗಳು ಕಾಣವು. ಕಾಣುವುದು ಏನು? ಕರಡು ನೋಡಲು ಹತ್ತು ಸಲ ಬಂದ ಸಂಪಾದಕ ಕಾಣುತ್ತಾನೆ. ತನ್ನ ಕವಿತೆ ಹೇಗೆ ಕಾಣುತ್ತಿದೆ ಎಂದು ಇಪ್ಪತ್ತು ಸಲ ತೆರೆದು ನೋಡಿದ ಕವಿ ಕಾಣುತ್ತಾನೆ. ಸೋಗು ಹಾಕಿಕೊಂಡು ಬರುವ ಬಾಟ್‌ಗಳು ಕಾಣುತ್ತವೆ. ಟ್ರ್ಯಾಕಿಂಗ್ ತಡೆಯುವ ಬ್ರೌಸರ್ ಬಳಸುವ ಎಚ್ಚರದ ಓದುಗನೊಬ್ಬ ಮಾತ್ರ ಕಾಣುವುದಿಲ್ಲ.

‘ಹೊಳೆಗೆ ಸುರಿದರೂ ಅಳೆದು ಸುರಿ ಅಂತ ಹಿರಿಯರು ಹೇಳಿಲ್ಲವೇ?’ ಎಂದು ಒಬ್ಬರು ನನ್ನನ್ನು ಕೇಳಿದರು. ಹೇಳಿದ್ದಾರೆ. ಆದರೆ ಅಳೆಯಲು ಹೇಳಿದ್ದು ಸುರಿಯುವುದನ್ನು, ಹೊಳೆಯನ್ನಲ್ಲ. ನಾವು ಈ ವರ್ಷ ಎಷ್ಟು ಕತೆ ಹಾಕಿದೆವು, ಎಷ್ಟು ಜನ ಹೊಸ ಲೇಖಕರು ಬಂದರು, ಅವರಲ್ಲಿ ಹೆಣ್ಣುಮಕ್ಕಳೆಷ್ಟು, ಕಲಬುರಗಿ, ಬೀದರ್ ಕಡೆಯವರೆಷ್ಟು, ಬಂದ ಹಸ್ತಪ್ರತಿಗಳಲ್ಲಿ ಎಷ್ಟಕ್ಕೆ ಉತ್ತರ ಬರೆದೆವು, ಲೇಖಕರಿಗೆ ಒಂದು ರೂಪಾಯಿಯಾದರೂ ಕೊಟ್ಟೆವೋ ಇಲ್ಲವೋ? ಈ ಲೆಕ್ಕಗಳೆಲ್ಲ ನಮ್ಮ ಕೈಯಲ್ಲೇ ಇವೆ, ಬೆರಳು ಮಡಚಿ ಎಣಿಸಬಹುದು. ಯಾವ ತಾಣದಲ್ಲಿ ಈ ಲೆಕ್ಕ ಇಟ್ಟಿದ್ದಾರೆ? ಕೇಳಿ ನೋಡಿ. ಕೊನೆಯದನ್ನು ಕೇಳಿದರಂತೂ ಮಾತೇ ಬದಲಾಗುತ್ತದೆ.

ಅಂಕಿ ತಪ್ಪಾಗಿದ್ದರೆ ನೋಡದೇ ಇದ್ದರಾಯಿತು, ಅದರಲ್ಲೇನು ನಷ್ಟ ಎನ್ನಬಹುದು. ನೋಡದೇ ಇರಲು ಯಾರಿಂದಲೂ ಆಗುವುದಿಲ್ಲ ಎಂಬುದೇ ಕಷ್ಟ. ನಾನು ಹತ್ತಿರದಿಂದ ಕಂಡ ಒಂದು ತಾಣದ ಕತೆ ಹೇಳುತ್ತೇನೆ. ಹೆಸರು ಬೇಡ, ಒಳ್ಳೆಯ ಜನ. ಮೊದಲ ವರ್ಷ ಅವರು ಬೇರೆ ಭಾರತೀಯ ಭಾಷೆಗಳ ಕತೆಗಳನ್ನು ಹುಡುಕಿ ಹುಡುಕಿ ಅನುವಾದ ಮಾಡಿಸಿ ಹಾಕುತ್ತಿದ್ದರು. ಒಂದು ಅಸ್ಸಾಮಿ ಕತೆಗಾಗಿ ಅನುವಾದಕರ ಬೆನ್ನು ಹತ್ತಿ ನಾಲ್ಕು ತಿಂಗಳು ಕಾದದ್ದು ನನಗೆ ಗೊತ್ತು. ಎರಡನೇ ವರ್ಷ ಸೋಮವಾರದ ಸಭೆಯಲ್ಲಿ ಹಿಂದಿನ ವಾರದ ಅಂಕಿ ನೋಡುವ ಅಭ್ಯಾಸ ಶುರುವಾಯಿತು. ಯಾರೂ ‘ಅನುವಾದ ನಿಲ್ಲಿಸೋಣ’ ಎನ್ನಲಿಲ್ಲ. ‘ಈ ವಾರ ಅದು ಬೇಡ, ಮುಂದಿನ ವಾರ ನೋಡೋಣ’ ಎಂದಷ್ಟೇ ಹೇಳಿದರು. ಮುಂದಿನ ವಾರಗಳು ಹಾಗೆಯೇ ಮುಂದೆ ಹೋದವು. ಅನುವಾದದ ಜಾಗಕ್ಕೆ ತೀರಿಹೋದ ಸಾಹಿತಿಗಳ ಜೊತೆಗಿನ ಒಡನಾಟದ ನೆನಪುಗಳು ಬಂದವು, ಆಮೇಲೆ ಫೇಸ್‌ಬುಕ್ಕಿನಲ್ಲಿ ನಡೆದ ಜಗಳಗಳಿಗೆ ಪ್ರತಿಕ್ರಿಯೆಗಳು ಬಂದವು. ಅಂಕಿ ಏರಿತು. ಈಗ ಆ ತಾಣಕ್ಕೆ ಹೋದರೆ ಅಲ್ಲಿ ಇರುವುದೆಲ್ಲ ಇನ್ನೆಲ್ಲೋ ಇರುವುದೇ.

ಸಂಪಾದಕನ ಕೆಲಸ ಓದುಗನಿಗೆ ಇನ್ನೂ ಬೇಕೆಂದೇ ಗೊತ್ತಿಲ್ಲದ ಒಂದನ್ನು ತಂದು ಮುಂದಿಡುವುದು. ಅಂಕಿ ಹೇಳುವುದು ನಿನ್ನೆ ಬೇಕಾಗಿದ್ದದ್ದನ್ನು. ಅಡಿಗರ ‘ಸಾಕ್ಷಿ’ ದೊಡ್ಡ ಪ್ರಸಾರದ ಪತ್ರಿಕೆಯಾಗಿರಲಿಲ್ಲ. ಕನ್ನಡ ವಿಮರ್ಶೆಯ ದಾರಿ ತಿರುಗಿದ್ದು ಅಂಥ ಪತ್ರಿಕೆಗಳಲ್ಲಿ. ವಾರವಾರ ಯಾವ ಲೇಖನಕ್ಕೆ ಎಷ್ಟು ಕಣ್ಣು ಬಿತ್ತು ಎಂಬ ಪಟ್ಟಿ ಅಡಿಗರ ಮೇಜಿನ ಮೇಲೆ ಬರುತ್ತಿದ್ದರೆ ಏನಾಗುತ್ತಿತ್ತು ಎಂದು ಊಹಿಸಿ ನೋಡಿ. ಅವರು ಹರಿದು ಬಿಸಾಡುತ್ತಿದ್ದರು ಎನ್ನುತ್ತೀರಿ. ನನಗೂ ಹಾಗೇ ಅನ್ನಿಸುತ್ತದೆ. ಆದರೆ ಎಲ್ಲ ಸಂಪಾದಕರೂ ಅಡಿಗರಲ್ಲ, ಅದರಲ್ಲೂ ಹೊಸ ತಾಣ ಶುರುಮಾಡಿದ ಇಪ್ಪತ್ತೆರಡು ವರ್ಷದ ಹುಡುಗ ಹುಡುಗಿಯರು ತಮ್ಮ ರುಚಿಯ ಮೇಲೆ ನಂಬಿಕೆ ಬೆಳೆಸಿಕೊಳ್ಳುವ ಹೊತ್ತಿಗೇ ಆ ರುಚಿಗೆ ಪ್ರತಿದಿನ ಅಂಕ ಕೊಡುವ ಮೇಷ್ಟ್ರನ್ನು ಎದುರಿಗೆ ಕೂರಿಸಿಕೊಳ್ಳುತ್ತಾರೆ.

ಲೇಖನದ ತಲೆಯ ಮೇಲೇ ‘ಇಷ್ಟು ಜನ ಓದಿದ್ದಾರೆ’ ಎಂದು ಹಾಕುವುದು, ಪಕ್ಕದಲ್ಲಿ ‘ಹೆಚ್ಚು ಓದಿದ್ದು’ ಪಟ್ಟಿ ಇಡುವುದು, ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲ ಕವಿತೆ ಪ್ರಕಟವಾದ ಹುಡುಗನಿಗೆ ಇಡೀ ಊರಿನೆದುರು ‘ನಿನ್ನನ್ನು ಹದಿನಾರು ಜನ ನೋಡಿದರು’ ಎಂದು ಹೇಳುವುದು ಅಸಭ್ಯತೆ. ಅದು ಅಂಗಡಿಯ ಲೆಕ್ಕಾಚಾರವೂ ಅಲ್ಲ.

ಈಗ ಇನ್ನೊಂದು ಬದಿ, ಓದುಗನದ್ದು. ಇಲ್ಲಿಯವರೆಗೆ ಹೇಳಿದ್ದು ನಮಗೇ ಆಗುವ ನಷ್ಟ. ಅದನ್ನು ನಾವು ಸಹಿಸಬಹುದು. ಓದುಗನ ಪರವಾಗಿ ಸಹಿಸುವ ಹಕ್ಕು ನಮಗಿಲ್ಲ.

ಆ ಕೋಡು ಹಾಕಿದ ಪುಟವನ್ನು ತೆರೆದ ಪ್ರತಿಯೊಬ್ಬರ ಬ್ರೌಸರಿನಲ್ಲೂ ಒಂದು ಕುಕಿ ಕೂರುತ್ತದೆ. ಕುಕಿಯನ್ನು 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಕಂಡುಹಿಡಿದದ್ದು ಅಂಗಡಿಯ ಬುಟ್ಟಿಯಲ್ಲಿ ಏನಿದೆ ಎಂಬಂಥ ಸಂಗತಿಯನ್ನು ನೆನಪಿಡುವುದಕ್ಕೆ. ಅನಲಿಟಿಕ್ಸಿನ ಕುಕಿ ಒಂದು ಉದ್ದನೆಯ ಸಂಖ್ಯೆ. ಸಾಮಾನ್ಯ ಏರ್ಪಾಡಿನಲ್ಲಿ ಅದರ ಆಯಸ್ಸು ಎರಡು ವರ್ಷ. ಆ ಸಂಖ್ಯೆ ಹೊತ್ತವರು ಯಾವ ದಿನ ಯಾವ ಪುಟ ತೆರೆದರು, ಯಾವ ಫೋನಿನಿಂದ, ಸುಮಾರಾಗಿ ಯಾವ ಊರಿನಿಂದ ಎಂಬುದೆಲ್ಲ ನಿಮ್ಮ ಸರ್ವರಿಗೆ ಅಲ್ಲ, ಗೂಗಲ್ಲಿನ ಸರ್ವರಿಗೆ ಹೋಗುತ್ತದೆ. ಮತ್ತು ನಿಮ್ಮ ಓದುಗ ಅದಕ್ಕಾಗಿ ತನ್ನ ಡೇಟಾ ಖರ್ಚು ಮಾಡುತ್ತಾನೆ. ಎರಡೂವರೆ ಸಾವಿರ ಪದಗಳ ಕನ್ನಡ ಪ್ರಬಂಧದ ಪಠ್ಯ ಅಂದಾಜು 60 ಕಿಲೋಬೈಟು, ಸಾಗುವಾಗ ಒತ್ತಿ ಮಡಚಿ ಇನ್ನೂ ಹಗುರಾಗುತ್ತದೆ. ಅದನ್ನು ಎಣಿಸಲು ಬರುವ ಕೋಡು ಪ್ರಬಂಧಕ್ಕಿಂತ ಭಾರ. ಮದುವೆ ಊಟಕ್ಕಿಂತ ಉಡುಗೊರೆ ಬರೆದುಕೊಳ್ಳುವವನ ಸಂಬಳ ಹೆಚ್ಚಾದ ಹಾಗೆ.

ಓದು ಎಂಬುದು ಕೊಳ್ಳುವುದರ ಹಾಗಲ್ಲ. ಏನು ಓದುತ್ತೇನೆ ಎಂಬುದರಲ್ಲಿ ನನ್ನ ಸಂಕಟ, ನನ್ನ ಅನುಮಾನ, ಮನೆಯವರಿಗೆ ಹೇಳಲಾಗದ ನನ್ನ ಪ್ರಶ್ನೆ ಎಲ್ಲ ಇರುತ್ತದೆ. ಜಾತಿಯ ಬಗ್ಗೆ, ದೇವರ ಬಗ್ಗೆ, ತನ್ನದೇ ದೇಹದ ಬಗ್ಗೆ ಒಂದು ಲೇಖನವನ್ನು ಒಬ್ಬ ಹುಡುಗ ನಡುರಾತ್ರಿ ಮೂರು ಸಲ ತೆರೆದು ಓದಿದ ಎಂಬುದು ಯಾರಿಗೂ ಗೊತ್ತಾಗಬೇಕಾದ ವಿಷಯವಲ್ಲ. ಇದನ್ನು ಗ್ರಂಥಪಾಲಕರು ಬಹಳ ಹಿಂದೆಯೇ ಕಂಡುಕೊಂಡರು. ಅಮೆರಿಕದ ಗ್ರಂಥಾಲಯ ಸಂಘ 1939ರಲ್ಲಿ ಮಾಡಿಕೊಂಡ ನೀತಿಸಂಹಿತೆಯಲ್ಲೇ ಓದುಗರ ಖಾಸಗಿ ವಿಷಯವನ್ನು ಗುಟ್ಟಾಗಿಡಬೇಕೆಂಬ ಮಾತಿದೆ. 2001ರ ಪೇಟ್ರಿಯಟ್ ಕಾಯಿದೆ ಬಂದು, ಯಾರು ಯಾವ ಪುಸ್ತಕ ಒಯ್ದರು ಎಂದು ಸರ್ಕಾರ ಕೇಳುವ ಅಧಿಕಾರ ಪಡೆದಾಗ ಅಲ್ಲಿನ ಕೆಲವು ಗ್ರಂಥಪಾಲಕರು ದಾಖಲೆಗಳನ್ನೇ ಆಗಾಗ ನಾಶಮಾಡತೊಡಗಿದರು. ಇಲ್ಲದ ದಾಖಲೆಯನ್ನು ಯಾರೂ ಕಿತ್ತುಕೊಳ್ಳಲಾರರು ಎಂಬುದು ಅವರ ಸರಳ ತರ್ಕ. ನಮ್ಮಲ್ಲೂ ಈ ವೃತ್ತಿಯ ದೊಡ್ಡವರು ಇದ್ದರು. ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಬರೆದರು, 1962ರಲ್ಲಿ ಬೆಂಗಳೂರಿನಲ್ಲಿ ಅದರ ಸಂಶೋಧನೆಗೆಂದೇ ಕೇಂದ್ರ ಕಟ್ಟಿದರು. ಆ ಸೂತ್ರಗಳಲ್ಲಿ ಒಂದು, ಯಾವ ಪುಸ್ತಕಕ್ಕೂ ಎಲ್ಲೋ ಒಬ್ಬ ಓದುಗ ಇದ್ದೇ ಇದ್ದಾನೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಒಬ್ಬ ಎಂಬುದನ್ನು ಗಮನಿಸಿ. ಅದು ಅನಲಿಟಿಕ್ಸಿನ ನಕ್ಷೆಯಲ್ಲಿ ಗೆರೆಯ ದಪ್ಪಕ್ಕೂ ಸಮನಲ್ಲದ ಸಂಖ್ಯೆ.

ಕಾನೂನಿನ ಮಾತಿಗೆ ಬಂದರೆ, ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಪ್ರಕರಣಕ್ಕೆ ಹೆಸರು ಕೊಟ್ಟವರು ಕೆ. ಎಸ್. ಪುಟ್ಟಸ್ವಾಮಿ, ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಎಂಬತ್ತು ದಾಟಿದ ವಯಸ್ಸಿನಲ್ಲಿ ಅವರು ಆಧಾರ್ ವಿರುದ್ಧ ಅರ್ಜಿ ಹಾಕಿದ್ದರು. ಅದರ ಬೆನ್ನಿಗೆ, ಆರು ವರ್ಷ ತಡವಾಗಿ, 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆ ಬಂತು. ಅದರ 9ನೇ ಕಲಮು ಹದಿನೆಂಟು ತುಂಬದವರನ್ನು ಟ್ರ್ಯಾಕ್ ಮಾಡುವುದನ್ನೂ ಅವರ ನಡವಳಿಕೆಯ ಮೇಲೆ ಕಣ್ಣಿಡುವುದನ್ನೂ ನಿಷೇಧಿಸುತ್ತದೆ. ಪಿಯುಸಿ ಹುಡುಗರು ನಿಮ್ಮ ತಾಣ ಓದುತ್ತಾರೆ ತಾನೆ? ಓದಲಿ ಎಂದೇ ತಾನೆ ನೀವು ಶುರುಮಾಡಿದ್ದು? ಕುಕಿಯ ಸಂಖ್ಯೆ ‘ವೈಯಕ್ತಿಕ ದತ್ತಾಂಶ’ ಹೌದೋ ಅಲ್ಲವೋ ಎಂದು ವಕೀಲರು ವಾದಿಸಬಹುದು. ಯೂರೋಪಿನಲ್ಲಿ ವಾದಿಸಿ ಮುಗಿಸಿದ್ದಾರೆ. 2022ರ ಆರಂಭದಲ್ಲಿ ಆಸ್ಟ್ರಿಯಾದ, ಆಮೇಲೆ ಫ್ರಾನ್ಸಿನ ದತ್ತಾಂಶ ಪ್ರಾಧಿಕಾರಗಳು ಅನಲಿಟಿಕ್ಸ್ ಮೂಲಕ ಓದುಗರ ಮಾಹಿತಿ ಅಮೆರಿಕಕ್ಕೆ ಹೋಗುವುದು ಅಲ್ಲಿನ ಕಾನೂನಿಗೆ ವಿರುದ್ಧ ಎಂದವು. ಮರುವರ್ಷ ಜುಲೈಯಲ್ಲಿ ಎರಡು ಖಂಡಗಳ ನಡುವೆ ಹೊಸ ಒಡಂಬಡಿಕೆಯಾಗಿ ಆ ಅಡ್ಡಿ ಸಡಿಲಾಯಿತು, ಸರಿ. ನಾನು ಕಾನೂನಿಗೆ ಹೆದರಿ ಎನ್ನುತ್ತಿಲ್ಲ. ಕವಿತೆ ಓದಲು ಬಂದವನ ಜೇಬು ತಡವುವುದು ಕಾನೂನಿಗೆ ಮೊದಲೇ ತಪ್ಪು.

‘ಹಿಂದಿನವರು ಲೆಕ್ಕ ಇಡಲಿಲ್ಲವೇ’ ಎಂದು ಇನ್ನೊಂದು ಪ್ರಶ್ನೆ. ಇಟ್ಟರು. ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದ್ದು ಕನ್ನಡಿಗರೆಲ್ಲ ಬಲ್ಲ ಮಾತು. ಎಷ್ಟು ಪ್ರತಿ ಹೋಯಿತೆಂದು ಅವರಿಗೆ ಗೊತ್ತಿರಲೇಬೇಕು, ಹೊರೆ ಅವರ ತಲೆಯ ಮೇಲೇ ಇತ್ತು. ಧಾರವಾಡದಲ್ಲಿ 1933ರಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರುಮಾಡಿದಾಗ ಚಂದಾದಾರರ ಪಟ್ಟಿ ಇಟ್ಟರು. ಚಂದಾದಾರ ತಾನೇ ಮುಂದೆ ಬಂದು ಹೆಸರು, ವಿಳಾಸ, ದುಡ್ಡು ಕೊಟ್ಟವನು. ಪುಸ್ತಕ ಮನೆಗೆ ಬಂದ ಮೇಲೆ ಅವನು ಓದಿದನೋ, ಎಷ್ಟನೇ ಪುಟಕ್ಕೆ ಬಿಟ್ಟನೋ, ಹೆಂಡತಿ ಓದಿದಳೋ ಎಂದು ನೋಡಲು ಅವನ ಕಿಟಕಿಯಲ್ಲಿ ಯಾರೂ ಇಣುಕಲಿಲ್ಲ.

ಹಾಗಾದರೆ ಹೊಸ ತಾಣದವರು ಏನೂ ತಿಳಿಯದೆ ಕತ್ತಲಲ್ಲಿರಬೇಕೇ? ಇಲ್ಲ. ಕೆಲವು ಸಂಗತಿ ತಿಳಿಯಲೇಬೇಕು, ಅವೆಲ್ಲ ನಿಮ್ಮ ಸರ್ವರಿನ ಲಾಗಿನಲ್ಲೇ ಇವೆ. ಯಾವ ಕೊಂಡಿ ಮುರಿದಿದೆ, ಯಾವ ಹಳೆಯ ಲೇಖನ ಹುಡುಕಿ ಬಂದವರಿಗೆ ‘ಪುಟವಿಲ್ಲ’ ಎಂಬ 404 ಸಿಗುತ್ತಿದೆ ಎಂಬುದು ಅಲ್ಲಿ ಸಾಲುಸಾಲಾಗಿ ಇರುತ್ತದೆ. ಅನಲಿಟಿಕ್ಸಿಗೆ ಬೆಳಿಗ್ಗೆ ಎದ್ದು ಮುಖ ತೋರಿಸುವವರಲ್ಲಿ ಎಷ್ಟು ಜನ ಇದನ್ನು ನೋಡುತ್ತಾರೆ? ಓದುಗರಲ್ಲಿ ಹೆಚ್ಚಿನವರು ಫೋನಿನಲ್ಲಿ ಬರುತ್ತಾರೋ ಎಂಬುದು ಗೊತ್ತಾದರೆ ಅಕ್ಷರದ ಗಾತ್ರ ಸರಿಮಾಡಬಹುದು. ಯಾವ ಬಾಟ್ ಬಂದು ಇಡೀ ತಾಣವನ್ನು ಗುಡಿಸಿಕೊಂಡು ಹೋಗುತ್ತಿದೆ ಎಂಬುದೂ ಅಲ್ಲೇ ಗೊತ್ತಾಗುತ್ತದೆ. ಭಾಷಾ ಮಾದರಿಗಳಿಗೆ ಪಠ್ಯ ಬಾಚುವವು ಈಗ ದಂಡಿಯಾಗಿ ಬರುತ್ತವೆ. ಬಾಡಿಗೆ ಸರ್ವರುಗಳ ಸಿಪ್ಯಾನೆಲ್‌ನಲ್ಲಿ ಎಡಬ್ಲ್ಯೂಸ್ಟ್ಯಾಟ್ಸ್ ಸಾಮಾನ್ಯವಾಗಿ ಇದ್ದೇ ಇರುತ್ತದೆ, ಒಂದು ಗುಂಡಿ ಒತ್ತಿದರೆ ಸಾಕು. ಅಲ್ಲಿ ‘ಹಿಟ್ಸ್’ ಎಂಬ ಅಂಕಿಯನ್ನು ಮಾತ್ರ ನಂಬಬೇಡಿ. ಹತ್ತು ಚಿತ್ರಗಳಿರುವ ಒಂದು ಪುಟ ಒಮ್ಮೆ ತೆರೆದರೆ ಹನ್ನೊಂದು ಹಿಟ್. ಹಿಂದೆ ತಾಣಗಳು ಲಕ್ಷ ಹಿಟ್ ಎಂದು ಬೀಗುತ್ತಿದ್ದುದರ ಗುಟ್ಟು ಇದು.

ಲಾಗ್ ತೆರೆದಾಗ ಕನ್ನಡದವರಿಗೆ ಒಂದು ತಮಾಷೆ ಕಾದಿರುತ್ತದೆ. ಲೇಖನದ ವಿಳಾಸವನ್ನು ಕನ್ನಡದಲ್ಲೇ ಇಟ್ಟಿದ್ದರೆ ಅದು ಶೇಕಡಾ ಚಿಹ್ನೆ, ಅಂಕಿ, ರೋಮನ್ ಅಕ್ಷರಗಳ ಕಾಡಾಗಿ ಕಾಣುತ್ತದೆ. ಯೂನಿಕೋಡಿನಲ್ಲಿ ‘ಕನ್ನಡ’ ಎಂಬ ಪದಕ್ಕೆ ಐದು ಸಂಕೇತ, ಒಂದೊಂದಕ್ಕೆ ಮೂರು ಬೈಟು, ಒಂದೊಂದು ಬೈಟಿಗೆ ಮೂರು ಚಿಹ್ನೆ, ಒಟ್ಟು ನಲವತ್ತೈದು. ಇದನ್ನು ನೋಡಿ ಹೆದರಿ ಅನೇಕ ತಾಣಗಳು ವಿಳಾಸಗಳನ್ನು ಇಂಗ್ಲಿಷಿಗೆ ಬದಲಿಸಿದವು. ವರದಿ ಚೆನ್ನಾಗಿ ಕಾಣಲಿ ಎಂದು ಮನೆಯ ಬಾಗಿಲ ಹಲಗೆಯನ್ನೇ ಬದಲಿಸುವುದು ಎಂದರೆ ಇದೇ. ಈ ಸಂಕೇತಗಳನ್ನು ಮತ್ತೆ ಕನ್ನಡಕ್ಕೆ ತಿರುಗಿಸಲು ಒಂದು ಸಾಲಿನ ಕೋಡು ಸಾಕು, ಆ ಕಂಪ್ಯೂಟರ್ ಗೆಳೆಯನಿಗೆ ಈ ಕೆಲಸ ಕೊಡಿ.

ಲಾಗ್ ಸಾಲದು, ಪುಟವಾರು ಎಣಿಕೆ ಬೇಕೇ ಬೇಕು ಎನ್ನುವವರು ಮಟೋಮೊ ಎಂಬ ಮುಕ್ತ ತಂತ್ರಾಂಶವನ್ನು ತಮ್ಮ ಸರ್ವರಿನಲ್ಲೇ ಕುಕಿಯಿಲ್ಲದೆ ಕೂರಿಸಿಕೊಳ್ಳಲಿ. ಪಿವಿಕ್ ಎಂಬ ಹೆಸರಿನಲ್ಲಿ 2007ರಿಂದ ಇದೆ. ಐಪಿ ವಿಳಾಸದ ಕೊನೆಯ ಭಾಗ ಅಳಿಸುವ ಏರ್ಪಾಡು ಅದರಲ್ಲೇ ಇದೆ. ಲಾಗನ್ನೂ ಮೂರು ತಿಂಗಳಿಗೊಮ್ಮೆ ಅಳಿಸಿಬಿಡಿ. ಅಂಕಿಯನ್ನು ನೋಡುವುದೂ ಅದೇ ಮೂರು ತಿಂಗಳಿಗೊಮ್ಮೆ ಇರಲಿ, ಬರಹ ಆರಿಸುವವರಲ್ಲದ ಒಬ್ಬರು ನೋಡಲಿ. ಏನು ನೋಡುತ್ತಿದ್ದೇವೆ ಎಂಬುದನ್ನು ತಾಣದ ಅಡಿಯಲ್ಲಿ ನಾಲ್ಕು ಸಾಲು ನೆಟ್ಟಗಿನ ಕನ್ನಡದಲ್ಲಿ ಬರೆಯಿರಿ. ಹಾಗೆ ಬರೆಯಲು ನಾಚಿಕೆಯಾಗುವ ಯಾವುದನ್ನೂ ನೋಡಬೇಡಿ.

ಇನ್ನು ದುಡ್ಡು. ‘ಅನುದಾನ ಕೊಡುವವರು, ಜಾಹೀರಾತಿನವರು ಅಂಕಿ ಕೇಳುತ್ತಾರೆ, ಏನು ತೋರಿಸುವುದು?’ ಎಂಬುದು ಎಲ್ಲಕ್ಕಿಂತ ಪ್ರಾಮಾಣಿಕ ಪ್ರಶ್ನೆ. ಸಣ್ಣ ಸಾಹಿತ್ಯ ತಾಣಕ್ಕೆ ಜಾಹೀರಾತಿನಿಂದ ಬರುವ ಹಣ ಸರ್ವರಿನ ಬಾಡಿಗೆಗೂ ಸಾಲದು, ಅದನ್ನು ನಡೆಸಿದವರನ್ನೇ ಕೇಳಿ. ಅನುದಾನದವರಿಗೆ ಲಾಗಿನ ಒರಟು ಲೆಕ್ಕ ಸಾಕು, ಜೊತೆಗೆ ಮೊದಲು ಹೇಳಿದ ಸುರಿದದ್ದರ ಲೆಕ್ಕ ಕೊಡಿ. ಅದಕ್ಕಿಂತ ಒಳ್ಳೆಯದು ಓದುಗರನ್ನೇ ನೇರವಾಗಿ ಕೇಳುವುದು. ವರ್ಷಕ್ಕೆ ನೂರು ರೂಪಾಯಿ ಕೊಡುವ ಇನ್ನೂರು ಜನ ಸಿಕ್ಕರೆ ಇಪ್ಪತ್ತು ಸಾವಿರ. ಡೊಮೈನು, ಸರ್ವರು ಕಳೆದು ಒಂದಿಷ್ಟು ಕತೆಗಾರರಿಗೆ ಕೊಡಲೂ ಮಿಗುತ್ತದೆ. ಇನ್ನೂರು ಜನ ಸಿಗದಿದ್ದರೆ ಅದೂ ಒಂದು ಲೆಕ್ಕವೇ, ಅನಲಿಟಿಕ್ಸಿನ ಇಪ್ಪತ್ತು ಸಾವಿರ ‘ಯೂಸರ್’ಗಳಿಗಿಂತ ನಿಜವಾದ ಲೆಕ್ಕ.

ಈಗಾಗಲೇ ಕೋಡು ಹಾಕಿರುವವರು ತೆಗೆಯಲು ಹಿಂಜರಿಯುತ್ತಾರೆ, ವರ್ಷಗಳ ಅಂಕಿ ಹಾಳಾಗುತ್ತದಲ್ಲ ಎಂದು. ಹಳೆಯ ಅನಲಿಟಿಕ್ಸಿನಲ್ಲಿ ಕೂಡಿಟ್ಟದ್ದನ್ನು ತೆರೆದು ನೋಡುವ ದಾರಿಯನ್ನೇ ಗೂಗಲ್ 2024ರ ಜುಲೈಯಲ್ಲಿ ಮುಚ್ಚಿತು. ಇಳಿಸಿಟ್ಟುಕೊಳ್ಳದವರ ಅಂಕಿಗಳೆಲ್ಲ ಹೋದವು. ಅವನ್ನು ನೋಡಿ ಯಾವ ಕತೆ ಬಿಟ್ಟೆವು, ಯಾವ ಅಂಕಣ ನಿಲ್ಲಿಸಿದೆವು ಎಂಬುದರ ಫಲ ಮಾತ್ರ ತಾಣಗಳಲ್ಲಿ ಉಳಿದಿದೆ. ಆ ಕೋಡು ಥೀಮಿನ ಹೆಡರ್ ಕಡತದಲ್ಲೋ ಪ್ಲಗಿನ್‌ಗಳ ಪಟ್ಟಿಯಲ್ಲೋ ಇರುತ್ತದೆ, ತೆಗೆಯಲು ಐದು ನಿಮಿಷ ಸಾಕು.